ಅಂಕಸಮುದ್ರದ ಆಹಾರಜಾಲ

ಪ್ರಶ್ನೆ: ಕಡಲಿನಲ್ಲಿ ಯಾವ ಜೀವಿ ಯಾವುದನ್ನು ಎಷ್ಟು ತಿನ್ನುವುದೆಂದು ಗಣಿತದಿಂದ ಲೆಕ್ಕ ಕಟ್ಟುವರಂತೆ. ನಮ್ಮ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಗೂ ಅದು ಸಾಧ್ಯವೇ?

ಉತ್ತರ: ಸಾಧ್ಯವುಂಟು, ಆದರೆ ಕೆರೆ ಕಿರಿದಾದುದರಿಂದ ಲೆಕ್ಕವೂ ಸುಲಭವೆಂದು ಭಾವಿಸಲಾಗದು. 1980ರ ದಶಕದ ಆದಿಯಲ್ಲಿ ಹವಾಯಿಯ ಹವಳದಿಬ್ಬವೊಂದಕ್ಕಾಗಿ ಜೆಫ್ರಿ ಪೊಲೊವಿನಾ ಎಂಬ ವಿಜ್ಞಾನಿ ರೂಪಿಸಿದ, ಮುಂದೆ ಕರ್ನಾಟಕದ ಕರಾವಳಿಯ ಅರಬ್ಬೀ ಸಮುದ್ರಕ್ಕೂ ಅನ್ವಯಿಸಲ್ಪಟ್ಟ 'ಇಕೋಪಾತ್' ಪದ್ಧತಿಯು ಮನೆಯ ಜಮಾಖರ್ಚಿನಂತೆಯೇ ನಡೆಯುತ್ತದೆ: ಒಂದು ಜೀವಿವರ್ಗವು ವರ್ಷದಲ್ಲಿ ಬೆಳೆದುದೆಲ್ಲವೂ ಬೇರೊಂದರ ಹೊಟ್ಟೆಗೋ, ಬಲೆಗೋ, ಸಹಜ ಮರಣಕ್ಕೋ, ವಲಸೆಗೋ ಸಂದಿರಬೇಕು, ಇಲ್ಲವೇ ಉಳಿಕೆಯಾಗಿ ಕಾಣಬೇಕು.

ತೊಡಕಿರುವುದು ಎಲ್ಲೆಯನ್ನು ಗೊತ್ತುಮಾಡುವಲ್ಲಿ. 2024ರಲ್ಲಿ ರಾಮ್ಸರ್ ತಾಣವೆನಿಸಿದ, ಸುಮಾರು 99 ಹೆಕ್ಟೇರ್ ವಿಸ್ತಾರದ ಈ ಕೆರೆಯ ಜಾಲಿಮರಗಳಲ್ಲಿ ಗೂಡುಕಟ್ಟುವ ಬಣ್ಣದ ಕೊಕ್ಕರೆಯು ಬೇರೆಡೆಯ ನೀರಿನಲ್ಲಿ ಮೀನುಂಡು ಬಂದು ಇಲ್ಲಿ ಹಿಕ್ಕೆಯಿಕ್ಕಿದರೆ, ಆ ಸಾರಜನಕ, ರಂಜಕಗಳಿಂದ ಪಾಚಿ ಬೆಳೆದು, ಪಾಚಿಯಿಂದ ಇಲ್ಲಿನ ಮರಿಮೀನು ಕೊಬ್ಬುತ್ತದೆ. ಆ ಜಮೆಯನ್ನು ಬರೆಯದ ಲೆಕ್ಕವು ಎಂದಿಗೂ ತಾಳೆಯಾಗದು. ಇನ್ನೊಂದು ತೊಡಕು, ಯಾವುದು ಏನನ್ನು ತಿನ್ನುತ್ತದೆಂದು ಅರಿಯುವಲ್ಲಿ. ಕಡಲಲ್ಲಾದರೆ ಬಲೆಗೆ ಬಿದ್ದ ಮೀನಿನ ಜಠರವನ್ನು ಸೀಳಿ ಆಹಾರವನ್ನು ತಿಳಿಯುತ್ತಾರೆ. ರಕ್ಷಿತ ಹಕ್ಕಿಯನ್ನು ಹಾಗೆ ಸೀಳುವಂತಿಲ್ಲ, ಸೀಳಲೂಬಾರದು. ಗೂಡಿನಡಿಯ ಕೆಸರಿಗಿಳಿದು, ಮರಿಗಳ ಬಾಯಿಂದ ಜಾರಿದ, ಕಿವಿರಿನ್ನೂ ಕೆಂಪಾಗಿರುವ ಮೀನುಗಳನ್ನು ಆಯ್ದು, ಒಂದೊಂದನ್ನೂ ಅಳೆದು ತೂಗಬೇಕು.