ಮುರಕಲ್ಲು ಕೇಳಿದ ಪ್ರಶ್ನೆ

ಮೂಡುಬಿದಿರೆ ಸಮೀಪದ ಪುತ್ತಿಗೆಯಲ್ಲಿ ತಂಗಿ ಮನೆ ಕಟ್ಟಿಸುತ್ತಿದ್ದಾಳೆ. ಅಂಗಳದಲ್ಲಿ ಪೇರಿಸಿಟ್ಟ ಮುರಕಲ್ಲುಗಳ ಮೇಲೆ ಕುಳಿತು ಅವಳ ಮಗಳು ಪಿಯುಸಿ ಪರೀಕ್ಷೆಗೆಂದು ರಾಸಾಯನಿಕ ಬಂಧಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಎಲೆಕ್ಟ್ರಾನನ್ನು ಕೊಟ್ಟು ಪಡೆದರೆ ಅಯಾನಿಕ, ಹಂಚಿಕೊಂಡರೆ ಸಹವೇಲೆನ್ಸೀಯ, ಊರ ಗೋಮಾಳದಂತೆ ಎಲ್ಲರಿಗೂ ಬಿಟ್ಟುಕೊಟ್ಟರೆ ಲೋಹೀಯ. ತಟ್ಟನೆ ತಲೆಯೆತ್ತಿ, ‘ಮಾವ, ಈ ಕಲ್ಲಿನಲ್ಲಿರುವುದು ಯಾವ ಬಂಧ?’ ಎಂದಳು.

ಮೂವತ್ತು ವರ್ಷ ರಸಾಯನಶಾಸ್ತ್ರ ಬೋಧಿಸಿದ ನಾನು ಕ್ಷಣಕಾಲ ತಡವರಿಸಿದೆ.

ಅವಳ ಪಟ್ಟಿಗೆ ಉದಾಹರಣೆಗಳು ಎದುರಿಗೇ ಇದ್ದವು. ಗಂಜಿಯ ಉಪ್ಪಿನಲ್ಲಿ ಸೋಡಿಯಂ ತನ್ನೊಂದು ಎಲೆಕ್ಟ್ರಾನನ್ನು ಕ್ಲೋರಿನ್ನಿಗೆ ಒಪ್ಪಿಸುತ್ತದೆ. ವಿರುದ್ಧ ವಿದ್ಯುದಾವೇಶಗಳ ಸೆಳೆತ ಹರಳನ್ನು ಕಟ್ಟುತ್ತದೆ. ನೀರಿನಲ್ಲಿ ಆಮ್ಲಜನಕ, ಜಲಜನಕಗಳು ಎಲೆಕ್ಟ್ರಾನ್ ಜೋಡಿಗಳನ್ನು ಹಂಚಿಕೊಂಡಿವೆ. ಗಾರೆಯವನ ಬಳಿ ಬಿದ್ದಿದ್ದ ಕಬ್ಬಿಣದ ಸರಳಿನಲ್ಲಿ ಎಲೆಕ್ಟ್ರಾನುಗಳು ಸರ್ವರ ಸ್ವತ್ತು. ಆದುದರಿಂದಲೇ ಬಡಿದರೆ ಉಪ್ಪು ಪುಡಿಯಾಗುತ್ತದೆ, ಸರಳು ಬಾಗುತ್ತದೆ.

ಮುರಕಲ್ಲು ಮಾತ್ರ ಯಾವ ಮನೆಗೂ ಸಲೀಸಾಗಿ ಸೇರದು. ಕರಾವಳಿಯ ಮಳೆ ಯುಗಯುಗಗಳಿಂದ ಮೂಲಶಿಲೆಯನ್ನು ತೊಳೆದು ಸಿಲಿಕಾದ ಬಹುಭಾಗವನ್ನು ಒಯ್ದ ಮೇಲೆ ಉಳಿದ ಕಬ್ಬಿಣ, ಅಲ್ಯುಮಿನಿಯಂ ಆಕ್ಸೈಡುಗಳೇ ಅದರಲ್ಲಿ ಪ್ರಧಾನ. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಇಂಥದೇ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಕೋರೆಯಲ್ಲಿ ಮೆದುವಾಗಿರುವ ಅದು ತೇವ ಆರಿದಂತೆ, ಕಬ್ಬಿಣದ ಆಕ್ಸೈಡುಗಳು ಬಲಿತು ಕಣಗಳನ್ನು ಬಿಗಿಹಿಡಿಯುವುದರಿಂದ ಗಟ್ಟಿಯಾಗುತ್ತದೆ.

ಪರಮಾಣುಗಳು ಎಲೆಕ್ಟ್ರಾನನ್ನು ತಮ್ಮತ್ತ ಸೆಳೆಯುವ ಬಲವನ್ನು ಅಳೆಯುವ ಮಾಪಕವನ್ನು ಲೈನಸ್ ಪಾಲಿಂಗ್ 1932ರಲ್ಲಿ ರೂಪಿಸಿದರು. ಅದರಲ್ಲಿ ಸೋಡಿಯಂ–ಕ್ಲೋರಿನ್ ಅಂತರ ಸುಮಾರು 2.2; ಜಲಜನಕ–ಆಮ್ಲಜನಕ 1.2, ಕಬ್ಬಿಣ–ಆಮ್ಲಜನಕ 1.6. ಅಂದರೆ ನಮ್ಮ ಗೋಡೆಯ ಕಲ್ಲು ಉಪ್ಪಿಗೂ ನೀರಿಗೂ ನಡುವೆ ನಿಂತಿದೆ: ಪೂರ್ಣ ದಾನವೂ ಅಲ್ಲ, ಸಮಪಾಲೂ ಅಲ್ಲ.

ಪಾಲಿಂಗ್ 1939ರಲ್ಲಿ ರಾಸಾಯನಿಕ ಬಂಧವನ್ನು ಕುರಿತು ಬರೆದ ಗ್ರಂಥವೇ ವಿದ್ಯಾರ್ಥಿಯಾಗಿದ್ದ ನಮ್ಮ ಸಿ.ಎನ್.ಆರ್. ರಾವ್ ಅವರನ್ನು ಸೆಳೆದದ್ದು. ಮುಂದೆ ಅವರು ಕೀರ್ತಿ ಗಳಿಸಿದ್ದು ಲೋಹದ ಆಕ್ಸೈಡುಗಳ ಅಧ್ಯಯನದಿಂದಲೇ.

‘ಪರೀಕ್ಷೆಯಲ್ಲಿ ಏನು ಬರೆಯಲಿ?’ ಎಂಬುದು ಅವಳ ಮುಂದಿನ ಪ್ರಶ್ನೆ. ‘ಅಯಾನಿಕ ಎಂದೇ ಬರೆ, ಅಂಕ ಸಿಗುತ್ತದೆ’ ಎಂದೆ. ಅಂಥ ಉತ್ತರಕ್ಕೆ ಅಂಕ ಕೊಟ್ಟು ನಾನೂ ಪುಟ ಮಗುಚಿದವನೇ. ಮೂರು ವಿಭಾಗಗಳು ಕಲಿಕೆಗೆ ಮೆಟ್ಟಿಲು; ನಿಸರ್ಗ ಅವುಗಳ ನಡುವೆ ಗೋಡೆ ಕಟ್ಟಿಲ್ಲ. ಅದನ್ನು ತರಗತಿಯಲ್ಲಿ ಒಮ್ಮೆಯಾದರೂ ಹೇಳಬೇಕಿತ್ತು. ಒಂದು ಮುರಕಲ್ಲನ್ನು ಮೇಜಿನ ಮೇಲಿಟ್ಟಿದ್ದರೂ ಸಾಕಿತ್ತು.