ಕಾರೇ ಮನೆ, ರಸ್ತೆಯೇ ಊರು

ಕಳೆದ ಬೇಸಿಗೆಯಲ್ಲಿ ನಾನು, ನನ್ನ ಹೆಂಡತಿ ಮ್ಯೂನಿಕ್‌ನಿಂದ ಇಟಲಿಗೆ ಕಾರಲ್ಲಿ ಹೊರಟೆವು. ಹೋಟೆಲ್ ಇಲ್ಲ, ಹಿಂದಿನ ಸೀಟು ಮಡಚಿದರೆ ಅದೇ ಹಾಸಿಗೆ, ಕಿಟಕಿಗೆ ಹಳೇ ಸೀರೆಯ ಪರದೆ. "ರಸ್ತೇಲಿ ಮಲಗ್ತೀರೇನೋ?" ಅಂತ ಅಮ್ಮನಿಗೆ ದಿಗಿಲು.

ಜರ್ಮನಿಯಲ್ಲಿ ದಣಿದ ಚಾಲಕ ಪಾರ್ಕಿಂಗ್‌ನಲ್ಲಿ ಒಂದು ರಾತ್ರಿ ಕಾರಲ್ಲೇ ಮಲಗಬಹುದು. ಹೊರಗೆ ಕುರ್ಚಿ, ಒಲೆ ಹೂಡಿದರೆ ತಕರಾರು. ಇಟಲಿಯ ಸ್ಟೆಲ್ವಿಯೋ ಘಾಟಿ 2,757 ಮೀಟರ್ ಎತ್ತರ, ಚಳಿಗಾಲದಲ್ಲಿ ಬಂದ್. ಉತ್ತರ ಬದಿಯ 48 ಹೇರ್‌ಪಿನ್ ತಿರುವುಗಳನ್ನೂ ಅವಳೇ ಓಡಿಸಿದಳು.

ಮನೆಯಲ್ಲಿ ಇಬ್ಬರಿಗೂ ಒಂದೊಂದು ಕೋಣೆ, ಒಂದೊಂದು ಲ್ಯಾಪ್‌ಟಾಪ್. ಕಾರಲ್ಲಿ ಮುನಿಸಿಕೊಂಡು ಎದ್ದುಹೋಗೋಕೆ ಜಾಗವೇ ಇಲ್ಲ. ಊರಿಗೆ ವಾಪಸ್ ಹೋಗೋದಾ, ಇಲ್ಲೇ ಇರೋದಾ ಎಂಬ ಮಾತನ್ನು ಎರಡು ವರ್ಷ ಮುಂದೂಡಿದ್ದೆವು. ಮೂರನೇ ರಾತ್ರಿ ಕತ್ತಲಲ್ಲಿ ಅದು ಶುರುವಾಯ್ತು. ಇನ್ನೂ ಮುಗಿದಿಲ್ಲ, ಈಗ ಊಟದ ಹೊತ್ತಲ್ಲೂ ಮಾತಾಡ್ತೀವಿ.

ನೀವೂ ಹೊರಟರೆ ಹಾಸಿಗೆ ದಪ್ಪಗಿರಲಿ, ರಾತ್ರಿ ಕಿಟಕಿ ಚೂರು ತೆರೆದಿರಲಿ.