ನಷ್ಟ ಮತ್ತು ಹಾನಿ (ಹವಾಮಾನ ಬದಲಾವಣೆ)

ನಷ್ಟ ಮತ್ತು ಹಾನಿ ಎಂಬುದು ಹವಾಮಾನ ಬದಲಾವಣೆಯಿಂದ ಈಗಾಗಲೇ ಸಂಭವಿಸಿರುವ ಅಥವಾ ತಪ್ಪಿಸಲಾಗದೆ ಸಂಭವಿಸಲಿರುವ ಕೆಡುಕುಗಳನ್ನು ಸೂಚಿಸಲು ವಿಶ್ವಸಂಸ್ಥೆಯ ಹವಾಮಾನ ಮಾತುಕತೆಗಳಲ್ಲಿ ಬಳಸುವ ಪರಿಭಾಷೆಯಾಗಿದೆ. ಮರಳಿ ಪಡೆಯಲಾಗದ ಜೀವ, ಭೂಮಿ, ಭಾಷೆ, ಜೀವಸಂಕುಲ ಮೊದಲಾದವುಗಳ ಅಳಿವನ್ನು 'ನಷ್ಟ' ಎಂದೂ, ದುರಸ್ತಿ ಸಾಧ್ಯವಿರುವ ಮನೆ, ರಸ್ತೆ, ಸೇತುವೆ, ಬೆಳೆ ಮೊದಲಾದವುಗಳ ಕೆಡುಕನ್ನು 'ಹಾನಿ' ಎಂದೂ ಸಾಮಾನ್ಯವಾಗಿ ವಿಂಗಡಿಸಲಾಗುತ್ತದೆ. ಹಸಿರುಮನೆ ಅನಿಲಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ಹೊರಸೂಸಿದ ಬಡರಾಷ್ಟ್ರಗಳು ಅತಿ ಹೆಚ್ಚಿನ ಪೆಟ್ಟು ತಿನ್ನುತ್ತಿರುವುದರಿಂದ, ಈ ಕೆಡುಕಿನ ವೆಚ್ಚವನ್ನು ಯಾರು ಭರಿಸಬೇಕು ಎಂಬ ಪ್ರಶ್ನೆ ಜಾಗತಿಕ ಅಸಮಾನತೆಯ ಚರ್ಚೆಯ ಕೇಂದ್ರದಲ್ಲಿದೆ. ಮೂರು ದಶಕಗಳ ಬೇಡಿಕೆಯ ನಂತರ 2022ರಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ಇದಕ್ಕಾಗಿ ಪ್ರತ್ಯೇಕ ನಿಧಿಯನ್ನು ಸ್ಥಾಪಿಸಲು ರಾಷ್ಟ್ರಗಳು ಒಪ್ಪಿದವು.

ಪರಿಕಲ್ಪನೆ

ಹವಾಮಾನ ಬದಲಾವಣೆಯನ್ನು ಎದುರಿಸುವ ಕ್ರಮಗಳನ್ನು ಮೂರು ಹಂತಗಳಲ್ಲಿ ಗುರುತಿಸುವುದು ವಾಡಿಕೆ. ಅನಿಲಗಳ ಹೊರಸೂಸುವಿಕೆಯನ್ನು ಕಡಿಮೆ ಮಾಡುವುದು ಮೊದಲನೆಯದು. ಇದನ್ನು ಉಪಶಮನ ಎನ್ನುತ್ತಾರೆ. ಬದಲಾಗುತ್ತಿರುವ ಹವಾಮಾನಕ್ಕೆ ತಕ್ಕಂತೆ ಕೃಷಿ, ವಸತಿ, ನೀರಾವರಿ ಮುಂತಾದವುಗಳನ್ನು ಮಾರ್ಪಡಿಸಿಕೊಳ್ಳುವುದು ಎರಡನೆಯದು, ಇದು ಹೊಂದಾಣಿಕೆ. ಈ ಎರಡೂ ಸಾಲದೆ ಹೋದಾಗ ಉಳಿಯುವುದೇ ನಷ್ಟ ಮತ್ತು ಹಾನಿ.

ಹೊಂದಾಣಿಕೆಗೆ ಮಿತಿಯಿದೆ ಎಂಬುದಕ್ಕೆ ಬಂಗಾಳ ಕೊಲ್ಲಿಯ ಕರಾವಳಿ ಉತ್ತಮ ಉದಾಹರಣೆ. 1970ರ ಭೋಲಾ ಚಂಡಮಾರುತದಲ್ಲಿ ಇಂದಿನ ಬಾಂಗ್ಲಾದೇಶದಲ್ಲಿ ಸುಮಾರು 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನರು ಮೃತಪಟ್ಟರು. ಆ ಬಳಿಕ ಮುನ್ಸೂಚನಾ ವ್ಯವಸ್ಥೆ, ಆಶ್ರಯ ಕಟ್ಟಡಗಳು ಮತ್ತು ಸ್ವಯಂಸೇವಕರ ಜಾಲವನ್ನು ಬೆಳೆಸಿದ್ದರಿಂದ, 2020ರ ಅಂಫಾನ್ ಚಂಡಮಾರುತದ ವೇಳೆಗೆ 20 ಲಕ್ಷಕ್ಕೂ ಹೆಚ್ಚು ಜನರನ್ನು ಮುಂಚಿತವಾಗಿ ಸ್ಥಳಾಂತರಿಸಲು ಆ ದೇಶಕ್ಕೆ ಸಾಧ್ಯವಾಯಿತು. ಸಾವಿನ ಸಂಖ್ಯೆ ಹತ್ತಾರಕ್ಕೆ ಇಳಿಯಿತು. ಆದರೆ ಆಶ್ರಯ ಕಟ್ಟಡದಿಂದ ಮರಳಿದವರಿಗೆ ಮನೆ, ಉಪ್ಪುನೀರು ನುಗ್ಗಿದ ಗದ್ದೆ, ಸತ್ತ ದನಕರುಗಳ ನಷ್ಟವನ್ನು ತುಂಬಿಕೊಡುವ ವ್ಯವಸ್ಥೆ ಇರಲಿಲ್ಲ. ಹೊಂದಾಣಿಕೆಯು ಜೀವವನ್ನು ಉಳಿಸಿತಾದರೂ ಜೀವನೋಪಾಯವನ್ನು ಉಳಿಸಲಿಲ್ಲ.

ಕೆಡುಕುಗಳನ್ನು ಅವು ಬರುವ ವೇಗವನ್ನು ಅನುಸರಿಸಿ ಎರಡಾಗಿ ವಿಂಗಡಿಸಲಾಗುತ್ತದೆ:

- ದಿಢೀರ್ ಘಟನೆಗಳು: ಚಂಡಮಾರುತ, ಪ್ರವಾಹ, ಬಿಸಿಗಾಳಿ, ಕಾಳ್ಗಿಚ್ಚು ಮುಂತಾದವು.
- ನಿಧಾನಗತಿಯ ಬದಲಾವಣೆಗಳು: ಸಮುದ್ರಮಟ್ಟದ ಏರಿಕೆ, ಮಣ್ಣು ಜೌಗಾಗುವುದು, ಮರುಭೂಮೀಕರಣ, ಹಿಮನದಿಗಳ ಕರಗುವಿಕೆ ಮುಂತಾದವು.

ಹಣದಲ್ಲಿ ಅಳೆಯಬಹುದಾದ ಆರ್ಥಿಕ ನಷ್ಟ ಹಾಗೂ ಅಳೆಯಲಾಗದ ಆರ್ಥಿಕೇತರ ನಷ್ಟ ಎಂಬ ಇನ್ನೊಂದು ವಿಂಗಡಣೆಯೂ ಇದೆ. ಪೂರ್ವಿಕರ ಸಮಾಧಿಭೂಮಿ ಮುಳುಗುವುದು, ಒಂದು ಸಮುದಾಯ ಚದುರಿ ಅದರ ಭಾಷೆ ಕ್ಷೀಣಿಸುವುದು, ಆರೋಗ್ಯ ಹಾಗೂ ಮಾನಸಿಕ ನೆಮ್ಮದಿ ಕೆಡುವುದು ಎರಡನೆಯ ಬಗೆಗೆ ಸೇರುತ್ತವೆ. ಪೆಸಿಫಿಕ್ ಸಾಗರದ ತುವಾಲು ದ್ವೀಪರಾಷ್ಟ್ರವು 2023ರಲ್ಲಿ ಆಸ್ಟ್ರೇಲಿಯಾದೊಡನೆ ಫಲೆಪಿಲಿ ಒಕ್ಕೂಟ ಒಪ್ಪಂದಕ್ಕೆ ಸಹಿ ಹಾಕಿತು. ಅದರಂತೆ ವರ್ಷಕ್ಕೆ 280 ತುವಾಲು ಪ್ರಜೆಗಳು ಆಸ್ಟ್ರೇಲಿಯಾದಲ್ಲಿ ನೆಲೆಸಬಹುದು. ವ್ಯಕ್ತಿಗಳಿಗೆ ಬೇರೊಂದು ನೆಲೆ ದೊರೆತರೂ, ಮುಳುಗುವ ರಾಷ್ಟ್ರಕ್ಕೆ ಬದಲಿ ನೆಲ ದೊರೆಯುವುದಿಲ್ಲ.

ಅಸಮಾನತೆಯ ಹಿನ್ನೆಲೆ

ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯ (ಐಪಿಸಿಸಿ) ಆರನೆಯ ಮೌಲ್ಯಮಾಪನ ವರದಿಯ ಪ್ರಕಾರ, 2011ರಿಂದ 2020ರ ದಶಕದಲ್ಲಿ ಭೂಮಿಯ ಮೇಲ್ಮೈ ತಾಪಮಾನವು 1850–1900ರ ಸರಾಸರಿಗಿಂತ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಹೆಚ್ಚಿತ್ತು. 330ರಿಂದ 360 ಕೋಟಿ ಜನರು ಹವಾಮಾನ ಬದಲಾವಣೆಗೆ ಸುಲಭವಾಗಿ ತುತ್ತಾಗುವ ಪರಿಸ್ಥಿತಿಯಲ್ಲಿ ಬದುಕುತ್ತಿದ್ದಾರೆ. 2010ರಿಂದ 2020ರ ಅವಧಿಯಲ್ಲಿ ಪ್ರವಾಹ, ಬರ ಮತ್ತು ಬಿರುಗಾಳಿಗಳಿಂದ ಸಂಭವಿಸಿದ ಸಾವಿನ ಪ್ರಮಾಣವು ಇಂತಹ ಪ್ರದೇಶಗಳಲ್ಲಿ ಸುರಕ್ಷಿತ ಪ್ರದೇಶಗಳಿಗಿಂತ 15 ಪಟ್ಟು ಅಧಿಕವಾಗಿತ್ತು.

ಹೊಣೆಯ ಹಂಚಿಕೆ ಇದಕ್ಕೆ ತದ್ವಿರುದ್ಧವಾಗಿದೆ. ಕೈಗಾರಿಕಾ ಯುಗದಿಂದ ಈವರೆಗೆ ಪಳೆಯುಳಿಕೆ ಇಂಧನಗಳಿಂದ ಹೊರಬಿದ್ದ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗ ಅಮೆರಿಕ ಸಂಯುಕ್ತ ಸಂಸ್ಥಾನದ್ದು. ಐಪಿಸಿಸಿಯ ಇದೇ ವರದಿಯಂತೆ, ಜಗತ್ತಿನ ಅತಿ ಹೆಚ್ಚು ಹೊರಸೂಸುವ ಶೇ. 10ರಷ್ಟು ಕುಟುಂಬಗಳು ಗೃಹಬಳಕೆಯಿಂದ ಉಂಟಾಗುವ ಹಸಿರುಮನೆ ಅನಿಲಗಳ ಶೇ. 34ರಿಂದ 45ರಷ್ಟಕ್ಕೆ ಕಾರಣವಾದರೆ, ಕೆಳಗಿನ ಶೇ. 50ರಷ್ಟು ಕುಟುಂಬಗಳ ಪಾಲು ಕೇವಲ ಶೇ. 13ರಿಂದ 15.

ವಿಪತ್ತಿನ ಗಾತ್ರವನ್ನು ದೇಶದ ಗಾತ್ರದೊಡನೆ ಹೋಲಿಸಿದಾಗ ಅಸಮಾನತೆ ಇನ್ನಷ್ಟು ಸ್ಪಷ್ಟವಾಗುತ್ತದೆ. 2017ರಲ್ಲಿ ಕೆರಿಬಿಯನ್ ದ್ವೀಪರಾಷ್ಟ್ರವಾದ ಡೊಮಿನಿಕಾವನ್ನು ಅಪ್ಪಳಿಸಿದ ಮರಿಯಾ ಚಂಡಮಾರುತವು ಆ ದೇಶದ ಒಂದು ವರ್ಷದ ಒಟ್ಟು ಆಂತರಿಕ ಉತ್ಪನ್ನದ ಶೇ. 226ರಷ್ಟು ನಷ್ಟವನ್ನು ಉಂಟುಮಾಡಿತು. ಒಂದೇ ರಾತ್ರಿಯಲ್ಲಿ ಎರಡು ವರ್ಷಗಳ ರಾಷ್ಟ್ರೀಯ ದುಡಿಮೆಗಿಂತ ಹೆಚ್ಚಿನದು ನಾಶವಾಯಿತು.

ಇತಿಹಾಸ

ಬೇಡಿಕೆಯ ಆರಂಭ

1991ರಲ್ಲಿ, ವಿಶ್ವಸಂಸ್ಥೆಯ ಹವಾಮಾನ ಒಡಂಬಡಿಕೆಯ ಕರಡು ಸಿದ್ಧವಾಗುತ್ತಿದ್ದಾಗ, ವನವಾಟು ದೇಶವು ಸಣ್ಣ ದ್ವೀಪರಾಷ್ಟ್ರಗಳ ಒಕ್ಕೂಟದ ಪರವಾಗಿ ಒಂದು ಪ್ರಸ್ತಾವವನ್ನು ಮಂಡಿಸಿತು. ಸಮುದ್ರಮಟ್ಟದ ಏರಿಕೆಯಿಂದ ನಷ್ಟ ಅನುಭವಿಸುವ ದೇಶಗಳಿಗಾಗಿ ಅಂತರರಾಷ್ಟ್ರೀಯ ವಿಮಾ ನಿಧಿಯೊಂದನ್ನು ರಚಿಸಬೇಕು, ಕೈಗಾರಿಕಾ ರಾಷ್ಟ್ರಗಳು ತಮ್ಮ ಸಂಪತ್ತು ಹಾಗೂ ಹೊರಸೂಸುವಿಕೆಯ ಪ್ರಮಾಣಕ್ಕೆ ಅನುಗುಣವಾಗಿ ಅದಕ್ಕೆ ಹಣ ತುಂಬಬೇಕು ಎಂಬುದು ಅದರ ಸಾರ. 1992ರಲ್ಲಿ ಅಂಗೀಕೃತವಾದ ಒಡಂಬಡಿಕೆಯಲ್ಲಿ ವಿಮೆಯ ಉಲ್ಲೇಖ ಮಾತ್ರ ಉಳಿಯಿತು. ನಿಧಿಯ ಪ್ರಸ್ತಾವ ಕೈಬಿಟ್ಟುಹೋಯಿತು. ಆದರೆ 'ಸಮಾನವಾದರೂ ಭಿನ್ನಪ್ರಮಾಣದ ಹೊಣೆಗಾರಿಕೆ' ಎಂಬ ತತ್ತ್ವವು ಒಡಂಬಡಿಕೆಯಲ್ಲಿ ಸೇರಿತು. 'ನಷ್ಟ ಮತ್ತು ಹಾನಿ' ಎಂಬ ಪದಪುಂಜವು ಈ ಮಾತುಕತೆಗಳ ಅಧಿಕೃತ ನಿರ್ಣಯದಲ್ಲಿ ಮೊದಲು ಕಾಣಿಸಿಕೊಂಡದ್ದು 2007ರ ಬಾಲಿ ಕ್ರಿಯಾಯೋಜನೆಯಲ್ಲಿ.

ವಾರ್ಸಾದಿಂದ ಪ್ಯಾರಿಸ್‌ವರೆಗೆ

2013ರ ನವೆಂಬರಿನಲ್ಲಿ ಪೋಲೆಂಡಿನ ವಾರ್ಸಾದಲ್ಲಿ ಸಮ್ಮೇಳನ ಆರಂಭವಾಗುವ ಕೆಲವೇ ದಿನಗಳ ಮೊದಲು ಹೈಯಾನ್ ಚಂಡಮಾರುತವು ಫಿಲಿಪ್ಪೀನ್ಸಿನಲ್ಲಿ 6,000ಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. ಆ ದೇಶದ ಪ್ರತಿನಿಧಿ ಯೆಬ್ ಸಾನ್ಯೊ ಅವರು ಸಮ್ಮೇಳನದಲ್ಲಿಯೇ ಉಪವಾಸ ಕೈಗೊಂಡರು. ಈ ಸಮ್ಮೇಳನವು ವಾರ್ಸಾ ಅಂತರರಾಷ್ಟ್ರೀಯ ಕಾರ್ಯವಿಧಾನವನ್ನು ಸ್ಥಾಪಿಸಿತು. ಜ್ಞಾನ ಸಂಗ್ರಹ ಮತ್ತು ಸಮನ್ವಯ ಅದರ ಮುಖ್ಯ ಕೆಲಸವಾಗಿತ್ತು. ಪ್ರತ್ಯೇಕ ಹಣಕಾಸು ಇರಲಿಲ್ಲ.

2015ರ ಪ್ಯಾರಿಸ್ ಒಪ್ಪಂದದ 8ನೆಯ ವಿಧಿಯು ನಷ್ಟ ಮತ್ತು ಹಾನಿಗೆ ಸ್ವತಂತ್ರ ಸ್ಥಾನ ನೀಡಿತು. ಆದರೆ ಒಪ್ಪಂದದ ಜೊತೆಗಿನ ನಿರ್ಣಯದಲ್ಲಿ, ಈ ವಿಧಿಯು ಕಾನೂನುಬದ್ಧ ಹೊಣೆಗಾರಿಕೆಗಾಗಲಿ ಪರಿಹಾರ ಕೇಳಿಕೆಗಾಗಲಿ ಆಧಾರವಾಗದು ಎಂಬ ಷರತ್ತನ್ನು ಸಿರಿವಂತ ರಾಷ್ಟ್ರಗಳ ಒತ್ತಾಯದ ಮೇರೆಗೆ ಸೇರಿಸಲಾಯಿತು. 2019ರಲ್ಲಿ ತಾಂತ್ರಿಕ ನೆರವಿಗಾಗಿ ಸ್ಯಾಂಟಿಯಾಗೊ ಜಾಲವು ರೂಪುಗೊಂಡಿತು. 2021ರ ಗ್ಲಾಸ್ಗೊ ಸಮ್ಮೇಳನದಲ್ಲಿ ಅಭಿವೃದ್ಧಿಶೀಲ ರಾಷ್ಟ್ರಗಳು ಹಣಕಾಸು ವ್ಯವಸ್ಥೆಯೊಂದನ್ನು ಕೇಳಿದಾಗ, ಅದರ ಬದಲು ಸಂವಾದವೊಂದನ್ನು ಮಾತ್ರ ಆರಂಭಿಸಲಾಯಿತು.

ಪಾಕಿಸ್ತಾನದ ಪ್ರವಾಹ ಮತ್ತು ನಿಧಿಯ ಸ್ಥಾಪನೆ

2022ರ ಮುಂಗಾರಿನಲ್ಲಿ ಪಾಕಿಸ್ತಾನವನ್ನು ಕಾಡಿದ ಪ್ರವಾಹವು ಚರ್ಚೆಯ ದಿಕ್ಕನ್ನು ಬದಲಿಸಿತು. ಸುಮಾರು 3.3 ಕೋಟಿ ಜನರು ಬಾಧಿತರಾಗಿ, 1,700ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ವಿಶ್ವಬ್ಯಾಂಕ್ ಮೊದಲಾದ ಸಂಸ್ಥೆಗಳೊಡನೆ ಪಾಕಿಸ್ತಾನ ಸರ್ಕಾರ ನಡೆಸಿದ ಅಂದಾಜಿನಲ್ಲಿ ಹಾನಿ 1,490 ಕೋಟಿ ಡಾಲರ್ ಹಾಗೂ ಆರ್ಥಿಕ ನಷ್ಟ 1,520 ಕೋಟಿ ಡಾಲರ್ ಎಂದು ಲೆಕ್ಕಹಾಕಲಾಯಿತು. ಜಾಗತಿಕ ಹೊರಸೂಸುವಿಕೆಯಲ್ಲಿ ಆ ದೇಶದ ಪಾಲು ಶೇ. 1ಕ್ಕಿಂತ ಕಡಿಮೆ. 2023ರ ಜನವರಿಯಲ್ಲಿ ಜಿನೀವಾದಲ್ಲಿ 900 ಕೋಟಿ ಡಾಲರಿಗೂ ಹೆಚ್ಚಿನ ನೆರವು ಘೋಷಣೆಯಾಯಿತಾದರೂ ಅದರ ಬಹುಪಾಲು ಸಾಲದ ರೂಪದಲ್ಲಿತ್ತು. ತಾನು ಮಾಡದ ತಪ್ಪಿಗೆ ಸಂತ್ರಸ್ತ ದೇಶವೇ ಬಡ್ಡಿ ಕಟ್ಟಬೇಕಾದ ಈ ಸ್ಥಿತಿಯು ಅನುದಾನ ಆಧಾರಿತ ನಿಧಿಯ ಬೇಡಿಕೆಗೆ ಬಲ ನೀಡಿತು.

2022ರಲ್ಲಿ ಅಭಿವೃದ್ಧಿಶೀಲ ರಾಷ್ಟ್ರಗಳ 'ಜಿ-77 ಮತ್ತು ಚೀನಾ' ಗುಂಪಿನ ಅಧ್ಯಕ್ಷತೆಯೂ ಪಾಕಿಸ್ತಾನದ ಬಳಿಯೇ ಇತ್ತು. ಆ ವರ್ಷದ ನವೆಂಬರ್ 20ರಂದು ಶರ್ಮ್ ಎಲ್ ಶೇಖ್ ಸಮ್ಮೇಳನವು ನಿಧಿಯನ್ನು ಸ್ಥಾಪಿಸುವ ನಿರ್ಣಯವನ್ನು ಅಂಗೀಕರಿಸಿತು. 24 ಸದಸ್ಯರ ಸಮಿತಿಯೊಂದು ಅದರ ನಿಯಮಗಳನ್ನು ರೂಪಿಸಿತು. 2023ರ ನವೆಂಬರ್ 30ರಂದು ದುಬೈ ಸಮ್ಮೇಳನದ ಮೊದಲ ದಿನವೇ ನಿಧಿ ಜಾರಿಗೆ ಬಂದಿತು.

ನಿಧಿಯ ರಚನೆ

ನಿಧಿಯ ಆಡಳಿತ ಮಂಡಳಿಯಲ್ಲಿ 26 ಸದಸ್ಯರಿದ್ದು, 12 ಸ್ಥಾನಗಳು ಅಭಿವೃದ್ಧಿ ಹೊಂದಿದ ರಾಷ್ಟ್ರಗಳಿಗೂ 14 ಸ್ಥಾನಗಳು ಅಭಿವೃದ್ಧಿಶೀಲ ರಾಷ್ಟ್ರಗಳಿಗೂ ಮೀಸಲಾಗಿವೆ. ಮೊದಲ ನಾಲ್ಕು ವರ್ಷಗಳಿಗೆ ವಿಶ್ವಬ್ಯಾಂಕ್ ಮಧ್ಯಂತರ ಆತಿಥೇಯ ಸಂಸ್ಥೆಯಾಗಿದೆ. ಮಂಡಳಿಯ ಆತಿಥ್ಯವನ್ನು ಫಿಲಿಪ್ಪೀನ್ಸ್ ವಹಿಸಿಕೊಂಡಿದೆ. ಸೆನೆಗಲ್ ದೇಶದ ಇಬ್ರಾಹಿಮಾ ಶೇಖ್ ದಿಯೋಂಗ್ ಅವರು ನಿಧಿಯ ಮೊದಲ ಕಾರ್ಯನಿರ್ವಾಹಕ ನಿರ್ದೇಶಕರು.

2025ರ ಏಪ್ರಿಲಿನಲ್ಲಿ ಬಾರ್ಬಡೋಸ್‌ನಲ್ಲಿ ಸೇರಿದ ಮಂಡಳಿಯು 25 ಕೋಟಿ ಡಾಲರ್ ಮೊತ್ತದ ಆರಂಭಿಕ ಕಾರ್ಯಕ್ರಮಕ್ಕೆ ಒಪ್ಪಿಗೆ ನೀಡಿತು. ಈ ಹಂತದಲ್ಲಿ ನೆರವು ಅನುದಾನದ ರೂಪದಲ್ಲಿರುತ್ತದೆ. ಕನಿಷ್ಠ ಅರ್ಧದಷ್ಟನ್ನು ಸಣ್ಣ ದ್ವೀಪರಾಷ್ಟ್ರಗಳಿಗೆ ಮತ್ತು ಅತ್ಯಂತ ಹಿಂದುಳಿದ ರಾಷ್ಟ್ರಗಳಿಗೆ ಮೀಸಲಿಡಲಾಗಿದೆ. ಅದೇ ವರ್ಷದ ನವೆಂಬರಿನಲ್ಲಿ ಬ್ರೆಜಿಲಿನ ಬೆಲೆಮ್ ಸಮ್ಮೇಳನದಲ್ಲಿ ಯೋಜನಾ ಪ್ರಸ್ತಾವಗಳನ್ನು ಆಹ್ವಾನಿಸಲಾಯಿತು.

ವಿವಾದಗಳು

ಮೊತ್ತದ ಕೊರತೆ

2025ರ ವೇಳೆಗೆ ನಿಧಿಗೆ ದೊರೆತ ವಾಗ್ದಾನಗಳ ಮೊತ್ತ ಸುಮಾರು 76 ಕೋಟಿ ಡಾಲರ್. ಅಭಿವೃದ್ಧಿಶೀಲ ರಾಷ್ಟ್ರಗಳ ವಾರ್ಷಿಕ ನಷ್ಟವು 2030ರ ವೇಳೆಗೆ 29,000 ಕೋಟಿಯಿಂದ 58,000 ಕೋಟಿ ಡಾಲರ್ ತಲುಪಬಹುದು ಎಂಬ, ವ್ಯಾಪಕವಾಗಿ ಉಲ್ಲೇಖವಾಗುವ ಅಂದಾಜಿನೊಡನೆ ಹೋಲಿಸಿದರೆ ಇದು ಶೇ. 1ಕ್ಕಿಂತಲೂ ಕಡಿಮೆ. ಪಾಕಿಸ್ತಾನದ ಒಂದು ಪ್ರವಾಹದ ಹಾನಿಯ ಇಪ್ಪತ್ತನೇ ಒಂದು ಭಾಗದಷ್ಟೇ ಇದರಿಂದ ತುಂಬಬಹುದು. 2024ರ ಬಾಕು ಸಮ್ಮೇಳನದಲ್ಲಿ 2035ರೊಳಗೆ ವರ್ಷಕ್ಕೆ 30,000 ಕೋಟಿ ಡಾಲರ್ ಹವಾಮಾನ ಹಣಕಾಸಿನ ಗುರಿ ನಿಗದಿಯಾಯಿತಾದರೂ, ಅದರಲ್ಲಿ ನಷ್ಟ ಮತ್ತು ಹಾನಿಗೆ ಪ್ರತ್ಯೇಕ ಪಾಲನ್ನು ಗೊತ್ತುಪಡಿಸಲಿಲ್ಲ. ದುಬೈನಲ್ಲಿ 1.75 ಕೋಟಿ ಡಾಲರ್ ಘೋಷಿಸಿದ್ದ ಅಮೆರಿಕವು 2025ರ ಮಾರ್ಚಿನಲ್ಲಿ ನಿಧಿಯ ಮಂಡಳಿಯಿಂದ ಹೊರನಡೆಯಿತು.

ಯಾರು ಕೊಡಬೇಕು

ನಿಧಿಗೆ ಹಣ ನೀಡುವುದು ಕಡ್ಡಾಯವಲ್ಲ. 1992ರ ಪಟ್ಟಿಯಂತೆ ಚೀನಾ, ಸೌದಿ ಅರೇಬಿಯಾ ಮೊದಲಾದ ದೇಶಗಳು ಇಂದಿಗೂ ಅಭಿವೃದ್ಧಿಶೀಲ ವರ್ಗದಲ್ಲಿವೆ. ಅವೂ ಪಾಲು ನೀಡಬೇಕೆಂದು ಐರೋಪ್ಯ ಒಕ್ಕೂಟ ಮತ್ತು ಅಮೆರಿಕ ವಾದಿಸಿವೆ. ಐತಿಹಾಸಿಕ ಹೊಣೆಯನ್ನು ಮರೆಮಾಚಲು ಈ ವಾದವನ್ನು ಬಳಸಲಾಗುತ್ತಿದೆ ಎಂಬುದು ಎದುರುವಾದ. ಸಂಯುಕ್ತ ಅರಬ್ ಸಂಸ್ಥಾನವು ಆ ಪಟ್ಟಿಯಲ್ಲಿ ಇಲ್ಲದಿದ್ದರೂ ಸ್ವಇಚ್ಛೆಯಿಂದ 10 ಕೋಟಿ ಡಾಲರ್ ಘೋಷಿಸಿತು.

ಕಾರಣದ ನಿರ್ಧಾರ

ನಿರ್ದಿಷ್ಟ ವಿಪತ್ತಿನಲ್ಲಿ ಹವಾಮಾನ ಬದಲಾವಣೆಯ ಪಾಲೆಷ್ಟು, ತಗ್ಗುಪ್ರದೇಶದ ನಿರ್ಮಾಣ, ಅರಣ್ಯನಾಶ, ಆಡಳಿತ ವೈಫಲ್ಯಗಳ ಪಾಲೆಷ್ಟು ಎಂಬುದನ್ನು ಬೇರ್ಪಡಿಸುವುದು ಸುಲಭವಲ್ಲ. ಹವಾಮಾನ ಮಾದರಿಗಳ ಮೂಲಕ ಇದನ್ನು ಅಂದಾಜಿಸುವ ವಿಜ್ಞಾನ ಶಾಖೆ ಈಚೆಗೆ ಬೆಳೆದಿದೆ. ಆದರೆ ಮಳೆಮಾಪನ ಕೇಂದ್ರಗಳು ವಿರಳವಾಗಿರುವ ಬಡದೇಶಗಳಲ್ಲಿ ಹಳೆಯ ದಾಖಲೆಗಳೇ ಇರುವುದಿಲ್ಲ. ಹೀಗಾಗಿ ಕಠಿಣ ಪುರಾವೆಯನ್ನು ಕೇಳಿದಷ್ಟೂ ಅತಿ ಅಗತ್ಯವುಳ್ಳವರೇ ಹೊರಗುಳಿಯುವ ಅಪಾಯವಿದೆ.

ನ್ಯಾಯಾಲಯಗಳಲ್ಲಿ

ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2019ರಲ್ಲಿ ಆರಂಭಿಸಿದ ಅಭಿಯಾನವನ್ನು ವನವಾಟು ಸರ್ಕಾರ ಕೈಗೆತ್ತಿಕೊಂಡ ಫಲವಾಗಿ, 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಮಹಾಸಭೆಯು ಅಂತರರಾಷ್ಟ್ರೀಯ ನ್ಯಾಯಾಲಯದ ಅಭಿಪ್ರಾಯವನ್ನು ಕೋರಿತು. 2025ರ ಜುಲೈ 23ರಂದು ನ್ಯಾಯಾಲಯವು ಸರ್ವಾನುಮತದಿಂದ ನೀಡಿದ ಸಲಹಾತ್ಮಕ ಅಭಿಪ್ರಾಯದಲ್ಲಿ, ಹವಾಮಾನವನ್ನು ರಕ್ಷಿಸುವುದು ರಾಷ್ಟ್ರಗಳ ಕಾನೂನುಬದ್ಧ ಕರ್ತವ್ಯವೆಂದೂ, ಅದರ ಉಲ್ಲಂಘನೆಗೂ ಹಾನಿಗೂ ಇರುವ ಸಂಬಂಧ ಸಾಬೀತಾದರೆ ಪರಿಹಾರ ನೀಡುವ ಹೊಣೆ ಉಂಟಾಗಬಹುದೆಂದೂ ಹೇಳಿತು. ಈ ಅಭಿಪ್ರಾಯವು ರಾಷ್ಟ್ರಗಳನ್ನು ನೇರವಾಗಿ ಬದ್ಧಗೊಳಿಸುವುದಿಲ್ಲವಾದರೂ ಮುಂದಿನ ವ್ಯಾಜ್ಯಗಳಿಗೆ ಆಧಾರವಾಗುತ್ತದೆ.

ಭಾರತ ಮತ್ತು ಕರ್ನಾಟಕ

ಭಾರತವು ಒಟ್ಟು ವಾರ್ಷಿಕ ಹೊರಸೂಸುವಿಕೆಯಲ್ಲಿ ಚೀನಾ ಮತ್ತು ಅಮೆರಿಕದ ನಂತರ ಮೂರನೆಯ ಸ್ಥಾನದಲ್ಲಿದೆ. ಆದರೆ ಅದರ ತಲಾವಾರು ಪ್ರಮಾಣ ಜಾಗತಿಕ ಸರಾಸರಿಯ ಅರ್ಧಕ್ಕಿಂತ ಕಡಿಮೆ. ಅಭಿವೃದ್ಧಿಶೀಲ ರಾಷ್ಟ್ರವಾಗಿ ಭಾರತವು ನಿಧಿಯ ಸ್ಥಾಪನೆಯನ್ನು ಬೆಂಬಲಿಸಿದೆ. ದೇಶದೊಳಗಿನ ಪರಿಹಾರ ಕಾರ್ಯಗಳು 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ರಚಿತವಾದ ರಾಷ್ಟ್ರೀಯ ಮತ್ತು ರಾಜ್ಯ ವಿಪತ್ತು ಪರಿಹಾರ ನಿಧಿಗಳ ಮೂಲಕ ನಡೆಯುತ್ತವೆ.

ನಷ್ಟವನ್ನು ಅಳೆಯುವವರು ಯಾರು, ಭರಿಸುವವರು ಯಾರು ಎಂಬ ಪ್ರಶ್ನೆ ರಾಷ್ಟ್ರದೊಳಗೂ ಏಳುತ್ತದೆ. 2023ರ ಬರಗಾಲದಲ್ಲಿ ಕರ್ನಾಟಕವು ತನ್ನ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿ, ಕೇಂದ್ರದಿಂದ 18,171 ಕೋಟಿ ರೂಪಾಯಿಗಳ ನೆರವು ಕೋರಿತು. ನೆರವು ವಿಳಂಬವಾದ ಕಾರಣ 2024ರ ಮಾರ್ಚಿನಲ್ಲಿ ರಾಜ್ಯವು ಸುಪ್ರೀಂ ಕೋರ್ಟಿನ ಮೊರೆಹೋಯಿತು. ಏಪ್ರಿಲಿನಲ್ಲಿ ಕೇಂದ್ರವು ಸುಮಾರು 3,454 ಕೋಟಿ ರೂಪಾಯಿ ಬಿಡುಗಡೆ ಮಾಡಿತು. ಇದು ಅಂತರರಾಷ್ಟ್ರೀಯ ನಿಧಿಗೆ ಸಂಬಂಧಿಸಿದ ಪ್ರಕರಣವಲ್ಲ. ಆದರೂ ಅಂದಾಜು, ಅರ್ಹತೆ ಮತ್ತು ವಿಳಂಬಗಳ ಸಮಸ್ಯೆ ಎರಡೂ ಕಡೆ ಒಂದೇ ಬಗೆಯದು: ಬಿತ್ತನೆಯ ಕಾಲ ಮೀರಿದ ಮೇಲೆ ಬಂದ ಹಣ ರೈತನ ಸಾಲವನ್ನು ಇಳಿಸಬಹುದೇ ಹೊರತು ಕಳೆದ ಹಂಗಾಮನ್ನು ಮರಳಿಸುವುದಿಲ್ಲ. ಆದ್ದರಿಂದ ನಿಧಿಯ ಯಶಸ್ಸನ್ನು ಅಳೆಯುವಾಗ ಒಟ್ಟು ಮೊತ್ತದಷ್ಟೇ, ಹಣವು ಸಂತ್ರಸ್ತರ ಕೈಸೇರಲು ತಗಲುವ ಕಾಲವೂ ಮುಖ್ಯವಾಗುತ್ತದೆ.